ರೇಷ್ಮೆಯ ಊರಿನಲ್ಲಿ ಗಾಜಿನ ಎಳೆ
ಜಪಾನಿನ ಉಯೇದಾ ನಗರ

ಟೋಕಿಯೋ ನಗರದಿಂದ ವಾಯವ್ಯ ದಿಕ್ಕಿಗೆ ಹೊರಡುವ ಷಿಂಕಾನ್‌ಸೆನ್ ರೈಲು ಮೊದಲು ಕಾಂತೋ ಬಯಲಿನ ಮುಗಿಯದ ಮನೆಸಾಲುಗಳನ್ನು ಹಿಂದೆ ಬಿಡುತ್ತದೆ. ಅನಂತರ ಒಂದರ ಬೆನ್ನಿಗೊಂದು ಸುರಂಗಗಳು. ಕರುಯಿಜಾವಾ ನಿಲ್ದಾಣ ದಾಟುತ್ತಲೇ ಬಲಗಡೆಯಲ್ಲಿ ಅಸಾಮಾ ಪರ್ವತವು ಕಾಣಿಸಿಕೊಳ್ಳುತ್ತದೆ. 2,568 ಮೀಟರ್ ಎತ್ತರದ ಈ ಪರ್ವತವು ಇಂದಿಗೂ ಆಗಾಗ ಹೊಗೆಯುಗುಳುವ ಜ್ವಾಲಾಮುಖಿ. ಅದರ ಪಾದವನ್ನು ಬಳಸಿಕೊಂಡು ಇಳಿಯುವ ಕಣಿವೆಯಲ್ಲಿ, ಚಿಕುಮಾ ನದಿಯ ದಂಡೆಯ ಮೇಲೆ, ಉಯೇದಾ ಎಂಬ ನಗರವುಂಟು. ಟೋಕಿಯೋದಿಂದ ಇಲ್ಲಿಗೆ ಸುಮಾರು 190 ಕಿಲೋಮೀಟರ್. ಪ್ರಯಾಣ ಒಂದೂವರೆ ಗಂಟೆ. ಜನಸಂಖ್ಯೆ ಒಂದೂವರೆ ಲಕ್ಷದಷ್ಟು.

ಸುತ್ತಲೂ ಬೆಟ್ಟಗಳ ಕೋಟೆಯಿರುವುದರಿಂದ ಸಮುದ್ರದ ಮೋಡಗಳು ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತವೆ. ವರ್ಷದ ಮಳೆ ಸುಮಾರು 900 ಮಿಲಿಮೀಟರ್. ಜಪಾನಿನ ಲೆಕ್ಕಕ್ಕೆ ಇದು ಬಹಳ ಕಡಿಮೆ. ಬೆಂಗಳೂರಿನ ಮಳೆಯೂ ಹೆಚ್ಚುಕಡಿಮೆ ಇಷ್ಟೇ. ಬಿಸಿಲು ಹೆಚ್ಚು, ಗಾಳಿ ಒಣ, ನೆಲದಲ್ಲಿ ನೀರು ನಿಲ್ಲುವುದಿಲ್ಲ. ಇಂಥ ನೆಲದಲ್ಲಿ ಹಿಪ್ಪುನೇರಳೆ ಚೆನ್ನಾಗಿ ಬೆಳೆಯುತ್ತದೆಂಬುದನ್ನು ಕೋಲಾರ, ಶಿಡ್ಲಘಟ್ಟ, ರಾಮನಗರಗಳ ಕಡೆಯವರಿಗೆ ಹೇಳಬೇಕಾದದ್ದಿಲ್ಲ. ಉಯೇದಾ ರೇಷ್ಮೆಯ ಊರಾಗಿ ಬೆಳೆದದ್ದು ಈ ಕಾರಣದಿಂದಲೇ. ರೇಷ್ಮೆಯ ಕಾಲ ಮುಗಿದ ಮೇಲೂ ಈ ಊರು ಎಳೆಯ ನಂಟನ್ನು ಬಿಡಲಿಲ್ಲ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದನ್ನು ಮನುಷ್ಯನ ಮಣಿಕಟ್ಟಿಗೆ ತಗುಲಿಸಿ, ರಕ್ತದೊತ್ತಡವನ್ನು ಎಡೆಬಿಡದೆ ತಿಳಿಯುವ ಪ್ರಯತ್ನವು ಇಂದು ಇಲ್ಲಿ ನಡೆದಿದೆ.

ಆರು ನಾಣ್ಯಗಳ ಲಾಂಛನ

ನಿಲ್ದಾಣದಿಂದ ಹದಿನೈದು ನಿಮಿಷ ನಡೆದರೆ ಉಯೇದಾ ಕೋಟೆ ಸಿಕ್ಕುತ್ತದೆ. 1583ರಲ್ಲಿ ಸನಾದ ಮಸಯುಕಿ ಎಂಬ ಪಾಳೆಯಗಾರನು ಇದನ್ನು ಕಟ್ಟಿಸಲು ತೊಡಗಿದನು. ಅವನ ರಾಜ್ಯ ಚಿಕ್ಕದು, ಸೈನ್ಯವೂ ಚಿಕ್ಕದು. ಆದರೆ ಬುದ್ಧಿ ಚಿಕ್ಕದಾಗಿರಲಿಲ್ಲ. 1585ರಲ್ಲಿ ತೊಕುಗಾವ ವಂಶದ ದೊಡ್ಡ ಸೈನ್ಯವು ಬಂದು ಮುತ್ತಿದಾಗ ಶತ್ರುಗಳನ್ನು ಕೋಟೆಯ ಒಳಭಾಗದವರೆಗೆ ಬರಗೊಟ್ಟು, ಬಳಿಕ ಸುತ್ತಲಿಂದ ಎರಗಿ ಓಡಿಸಿದನು. 1600ರಲ್ಲಿ ತೊಕುಗಾವ ಹಿದೆತಾದನು ಸುಮಾರು 38,000 ಸೈನಿಕರೊಡನೆ ಮತ್ತೆ ಬಂದನು. ಈ ಪುಟ್ಟ ಕೋಟೆಯೆದುರು ದಿನಗಳನ್ನು ಕಳೆದು, ಜಪಾನಿನ ಚರಿತ್ರೆಯನ್ನೇ ನಿರ್ಣಯಿಸಿದ ಸೆಕಿಗಹಾರಾ ಯುದ್ಧಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಲಾರದೆ ಹೋದನು.

ಸನಾದ ಮನೆತನದ ಲಾಂಛನವು ಸಾಲಾಗಿ ಜೋಡಿಸಿದ ಆರು ನಾಣ್ಯಗಳು. ಜಪಾನೀಯರ ನಂಬಿಕೆಯಂತೆ ಸತ್ತವನು ಪರಲೋಕದ ನದಿಯನ್ನು ದಾಟಲು ಕೊಡಬೇಕಾದ ದೋಣಿಯ ಬಾಡಿಗೆ ಅದು. ನಮ್ಮ ವೈತರಣಿಯಂಥ ನದಿ. ಬಾಡಿಗೆಯನ್ನು ಮೊದಲೇ ಧ್ವಜದ ಮೇಲೆ ಹೊತ್ತು ಯುದ್ಧಕ್ಕೆ ನಡೆದವರು ಸನಾದರು. ಇಂದು ಆ ಆರು ನಾಣ್ಯಗಳು ಅಂಗಡಿಗಳ ಪರದೆಗಳ ಮೇಲೂ ಮಿಠಾಯಿಯ ಪೆಟ್ಟಿಗೆಗಳ ಮೇಲೂ ಕಾಣುತ್ತವೆ. ಏಪ್ರಿಲ್ ತಿಂಗಳಲ್ಲಿ ಕೋಟೆಯ ಕಂದಕದ ಸುತ್ತ ಚೆರ್ರಿ ಮರಗಳು ಹೂವೇರಿದಾಗ ಊರೆಲ್ಲ ಇಲ್ಲಿಯೇ ನೆರೆದಿರುತ್ತದೆ.

ಬಿತ್ತನೆಯಿಂದ ಬಂದ ಸಿರಿ

ಉಯೇದಾ ಪ್ರಾಂತಕ್ಕೆ ಹೆಸರು ತಂದುದು ರೇಷ್ಮೆಯ ನೂಲಿಗಿಂತ ಮಿಗಿಲಾಗಿ ರೇಷ್ಮೆಹುಳುವಿನ ಮೊಟ್ಟೆ. ನಮ್ಮ ರೈತರು ಇದನ್ನು ಬಿತ್ತನೆಯೆನ್ನುತ್ತಾರೆ. 19ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸ್ ಮತ್ತು ಇಟಲಿ ದೇಶಗಳ ಹುಳುಗಳಿಗೆ ಪೆಬ್ರಿನ್ ರೋಗ ತಗುಲಿ ಅಲ್ಲಿನ ಸಾಕಣೆಯೇ ಕುಸಿದುಬಿತ್ತು. ಲೂಯಿ ಪಾಶ್ಚರನು 1865ರಿಂದ ಕೆಲವು ವರ್ಷ ತಲೆಕೆಡಿಸಿಕೊಂಡದ್ದು ಈ ರೋಗದ ಮೇಲೆಯೇ. ಆ ಕಾಲದಲ್ಲಿ ಯೂರೋಪಿನ ವರ್ತಕರು ರೋಗವಿಲ್ಲದ ಮೊಟ್ಟೆಗಾಗಿ ಜಪಾನಿಗೆ ಬಂದರು. ಕಾಗದದ ಹಾಳೆಗಳ ಮೇಲೆ ಸಾಸಿವೆಯಂತೆ ಅಂಟಿಕೊಂಡ ಮೊಟ್ಟೆಗಳು ಉಯೇದಾದ ಹಳ್ಳಿಗಳಿಂದ ಯೊಕೊಹಾಮಾ ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿದವು.

ಆ ಸಿರಿಯ ಕುರುಹುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ನಿಲ್ದಾಣದ ಹತ್ತಿರವೇ ತೊಕಿದಾ ನೂಲುಗಿರಣಿಯ ಹಳೆಯ ಉಗ್ರಾಣವುಂಟು. 1905ರಲ್ಲಿ ಕಟ್ಟಿದ ಐದು ಅಂತಸ್ತಿನ ಮರದ ಕಟ್ಟಡವದು. ರೇಷ್ಮೆಗೂಡುಗಳು ಮುಗ್ಗದಂತೆ ಗಾಳಿಯಾಡಲೆಂದು ಅದರ ಗೋಡೆಗಳ ತುಂಬ ಕಿಟಕಿಗಳು. ಹಳೆಯ ಹೆದ್ದಾರಿಯಾಗಿದ್ದ ಯಾನಗಿಮಾಚಿ ಬೀದಿಯಲ್ಲಿ ಬಿಳಿಯ ಸುಣ್ಣದ ಗೋಡೆಗಳ, ಮರದ ಜಾಲಂಧ್ರಗಳ ಮನೆಗಳು ಸಾಲಾಗಿವೆ. ಉಯೇದಾ ತ್ಸುಮುಗಿ ಎಂಬ ಕೈಮಗ್ಗದ ರೇಷ್ಮೆಬಟ್ಟೆಯನ್ನು ಜಪಾನಿನ ಹೆಸರಾಂತ ಮೂರು ತ್ಸುಮುಗಿಗಳಲ್ಲಿ ಒಂದೆಂದು ಎಣಿಸುತ್ತಾರೆ.

1910ರಲ್ಲಿ ಇಲ್ಲಿ ಸರ್ಕಾರದ ರೇಷ್ಮೆ ವಿದ್ಯಾಲಯವೊಂದು ಸ್ಥಾಪಿತವಾಯಿತು. 1929ರಲ್ಲಿ ಅದಕ್ಕಾಗಿ ಕಟ್ಟಿದ ಮರದ ಸಭಾಭವನವು ಈಗಲೂ ಬಳಕೆಯಲ್ಲಿದೆ. ಅದರ ಅಲಂಕಾರದ ಕೆತ್ತನೆಗಳಲ್ಲಿ ಹಿಪ್ಪುನೇರಳೆಯ ಎಲೆ, ರೇಷ್ಮೆಯ ಗೂಡು, ಚಿಟ್ಟೆ ಇವುಗಳನ್ನು ಗುರುತಿಸಬಹುದು. ದೇವಾಲಯದ ಕಂಬದಲ್ಲಿ ಶಿಲ್ಪಿಯು ದೇವತೆಗಳನ್ನು ಕೆತ್ತುವಂತೆ, ಅನ್ನ ಕೊಟ್ಟ ಹುಳುವನ್ನು ಈ ಊರಿನವರು ಕೆತ್ತಿಸಿದರು. ಆದರೆ ಸಭಾಭವನವು ಎದ್ದ ವರ್ಷವೇ ಅಮೆರಿಕದಲ್ಲಿ ಷೇರುಪೇಟೆ ಕುಸಿಯಿತು. ರೇಷ್ಮೆಯನ್ನು ಕೊಳ್ಳುವ ಕೈಗಳೇ ಇಲ್ಲವಾದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ನೈಲಾನ್ ಬಂದಿತು. 1944ರಲ್ಲಿ ವಿದ್ಯಾಲಯವು ತನ್ನ ಹೆಸರಿನಿಂದ ರೇಷ್ಮೆಯನ್ನು ತೆಗೆದು ‘ನಾರುಎಳೆ’ ಎಂಬರ್ಥದ ಪದವನ್ನಿಟ್ಟುಕೊಂಡಿತು. 1949ರಲ್ಲಿ ಷಿನ್‌ಷೂ ವಿಶ್ವವಿದ್ಯಾನಿಲಯದ ಅಂಗವಾಯಿತು. ರೇಷ್ಮೆಯಾಗಲಿ, ನೈಲಾನ್ ಆಗಲಿ, ಗಾಜಾಗಲಿ, ಉದ್ದವಾಗಿ ತೆಳುವಾಗಿ ಇರುವುದೆಲ್ಲವೂ ಅಂದಿನಿಂದ ಅದರ ವಿದ್ಯೆಗೆ ಸೇರಿದ್ದಾಯಿತು.

ಕನ್ನಡ ನಾಡಿಗೂ ಜಪಾನಿನ ರೇಷ್ಮೆಗೂ ಹಳೆಯ ನಂಟುಂಟು. 19ನೆಯ ಶತಮಾನದ ಕೊನೆಯಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆದರು. ಬಸವನಗುಡಿಯ ಬದಿಯ ಬಡಾವಣೆಗೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ. 1991ರಿಂದ ಜಪಾನಿನ ನೆರವಿನಲ್ಲಿ ದ್ವಿತಳಿ ರೇಷ್ಮೆಯ ಯೋಜನೆಯು ಮೈಸೂರಿನಲ್ಲಿ ನಡೆಯಿತು. ನಮ್ಮ ಸಾಕಣೆದಾರರ ನಿದ್ದೆಗೆಡಿಸಿದ ಉಜಿ ನೊಣದ ಹೆಸರು ಕೂಡ ಜಪಾನೀ ಮಾತು.

ಉಪ್ಪಿನ ನಾಡು

ಉಯೇದಾ ಸೇರಿರುವ ನಾಗಾನೋ ಪ್ರಾಂತಕ್ಕೆ ಸಮುದ್ರವಿಲ್ಲ. ಹಿಂದಿನ ಕಾಲದಲ್ಲಿ ಉಪ್ಪು ಎತ್ತು ಕುದುರೆಗಳ ಬೆನ್ನ ಮೇಲೆ ಬೆಟ್ಟದ ದಾರಿಗಳಲ್ಲಿ ಬರಬೇಕಾಗಿತ್ತು. ಚಳಿಗಾಲದಲ್ಲಿ ಹೊಲಗಳು ಹಿಮದಡಿಯಲ್ಲಿ ಮಲಗಿರುವಾಗ ಜನರು ಉಪ್ಪಿನಲ್ಲಿ ಹೂತಿಟ್ಟ ನೊಜಾವಾನ ಸೊಪ್ಪನ್ನೂ, ಸೋಯಾ ಅವರೆಯನ್ನು ಹುದುಗಿಸಿದ ಉಪ್ಪುಪ್ಪಾದ ಮಿಸೋ ಸಾರನ್ನೂ ನೆಚ್ಚಿಕೊಂಡಿದ್ದರು. ಮನೆಗೆ ಬಂದವರ ಮುಂದೆ ಚಹಾದೊಡನೆ ಒಂದು ತಟ್ಟೆ ಉಪ್ಪಿನ ಸೊಪ್ಪು ಇಡುವುದು ಇಲ್ಲಿನ ಉಪಚಾರ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಭರಣಿಗೆ ಇರುವ ಮರ್ಯಾದೆಯೇ ಅಲ್ಲಿ ಸೊಪ್ಪಿನ ಪೀಪಾಯಿಗೆ.

ಈ ಉಪಚಾರದ ಬೆಲೆಯನ್ನು ಜನರು ತಮಗೆ ತಿಳಿಯದೆಯೇ ತೆರುತ್ತಿದ್ದರು. 1951ರಿಂದ 1980ರವರೆಗೆ ಜಪಾನಿನಲ್ಲಿ ಮರಣಗಳ ಕಾರಣಗಳಲ್ಲಿ ಮೊದಲನೆಯದಾಗಿದ್ದುದು ಮಿದುಳಿನ ರಕ್ತನಾಳದ ಆಘಾತ. ನಾವು ಲಕ್ವವೆಂದೂ ಪಾರ್ಶ್ವವಾಯುವೆಂದೂ ಕರೆಯುವ ರೋಗ. ಉಪ್ಪು ಹೆಚ್ಚಾದಷ್ಟೂ ರಕ್ತದೊತ್ತಡ ಏರುತ್ತದೆ. ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ಅದು ಇನ್ನಷ್ಟು ಏರುತ್ತದೆ. ಹೊಲದಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದ ಮನೆಯ ಯಜಮಾನನು ಚಳಿಗಾಲದ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋಗುವುದು ನಾಗಾನೋದ ಹಳ್ಳಿಗಳಿಗೆ ಹೊಸದಾಗಿರಲಿಲ್ಲ.

ಉಯೇದಾದಿಂದ ಚಿಕುಮಾ ನದಿಯ ಮೇಲ್ಗಡೆಗೆ ಹೋದರೆ ಸಾಕು ಎಂಬ ಊರಿದೆ. ಅಲ್ಲಿನ ಆಸ್ಪತ್ರೆಗೆ 1945ರಲ್ಲಿ ವಾಕಾತ್ಸುಕಿ ತೊಷಿಕಾಜು ಎಂಬ ಯುವ ಶಸ್ತ್ರವೈದ್ಯರು ಬಂದರು. ರೋಗಿಯು ಆಸ್ಪತ್ರೆಗೆ ಬರುವಷ್ಟರಲ್ಲಿ ಕಾಲ ಮೀರಿರುತ್ತದೆಂಬುದನ್ನು ಕಂಡು, ಆಸ್ಪತ್ರೆಯನ್ನೇ ಹಳ್ಳಿಗೆ ಕೊಂಡೊಯ್ದರು. ಹಗಲು ಜನರ ಆರೋಗ್ಯ ತಪಾಸಣೆ. ಅದು ಮುಗಿದ ಮೇಲೆ ವೈದ್ಯರೂ ದಾದಿಯರೂ ವೇಷ ಹಾಕಿ ಆರೋಗ್ಯದ ನಾಟಕವಾಡುವುದು. 1959ರಿಂದ ಯಾಚಿಹೋ ಎಂಬ ಹಳ್ಳಿಯ ಸಮಸ್ತ ನಿವಾಸಿಗಳನ್ನೂ ವರ್ಷವರ್ಷವೂ ತಪಾಸಣೆ ಮಾಡುವ ಪದ್ಧತಿಯನ್ನು ತೊಡಗಿದರು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಪ್ರಾಂತದ ಹೆಣ್ಣುಮಕ್ಕಳು ಆರೋಗ್ಯ ಸ್ವಯಂಸೇವಕಿಯರಾಗಿ ಮನೆಮನೆಗೆ ಹೋಗಿ ಸಾರಿನ ಉಪ್ಪನ್ನು ಅಳೆದು ತೋರಿಸಿದರು. ಅತ್ತೆಯ ಕೈರುಚಿಯಲ್ಲಿ ಉಪ್ಪು ಹೆಚ್ಚೆಂದು ಸೊಸೆ ಹೇಳಲಾರಳು. ಸ್ವಯಂಸೇವಕಿಯ ಕೈಯ ಅಳತೆಯ ಉಪಕರಣ ಹೇಳಿತು. ಇದರ ಫಲವು ಒಂದು ತಲೆಮಾರಿನ ಮೇಲೆ ಕಂಡಿತು. 2010ರ ಗಣನೆಯಲ್ಲಿ ಗಂಡಸರಿಗೆ 80.88 ವರ್ಷ, ಹೆಂಗಸರಿಗೆ 87.18 ವರ್ಷಗಳ ಸರಾಸರಿ ಆಯುಸ್ಸಿನೊಡನೆ ನಾಗಾನೋ ಪ್ರಾಂತವು ಎರಡರಲ್ಲಿಯೂ ಜಪಾನಿಗೆಲ್ಲ ಮೊದಲನೆಯದಾಯಿತು.

ತೋಳಿನ ಪಟ್ಟಿಯ ಕಥೆ

ರಕ್ತದೊತ್ತಡವನ್ನು ಮೊಟ್ಟಮೊದಲು ಅಳೆದವರು ಇಂಗ್ಲೆಂಡಿನ ಟೆಡಿಂಗ್ಟನ್ ಗ್ರಾಮದ ಪಾದ್ರಿ ಸ್ಟೀಫನ್ ಹೇಲ್ಸ್. ಒಂದು ಹೆಣ್ಣು ಕುದುರೆಯ ರಕ್ತನಾಳಕ್ಕೆ ಉದ್ದವಾದ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿತು. ಈ ವಿವರವನ್ನು ಅವರು 1733ರಲ್ಲಿ ಪ್ರಕಟಿಸಿದರು. ಮನುಷ್ಯನಿಗೆ ಈ ವಿಧಾನ ಸಲ್ಲದೆಂಬುದು ಸ್ಪಷ್ಟ. 1896ರಲ್ಲಿ ಇಟಲಿಯ ಟ್ಯೂರಿನ್ ನಗರದ ವೈದ್ಯ ರೀವಾ ರೊಚ್ಚಿ ತೋಳಿಗೆ ಸುತ್ತುವ ಗಾಳಿಯ ಪಟ್ಟಿಯನ್ನು ರೂಪಿಸಿದರು. 1905ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೊರೊತ್ಕೋವ್ ಅವರು ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿಟ್ಟು ಆಲಿಸುವ ಕ್ರಮವನ್ನು ಸೇರಿಸಿದರು. ನಮ್ಮ ಡಾಕ್ಟರರ ಮೇಜಿನ ಮೇಲೆ ಇರುವುದು ಬಹುಮಟ್ಟಿಗೆ ಇದೇ ವಿಧಾನ.

ಇದರಲ್ಲಿ ಒಂದು ಕೊರತೆಯುಂಟು. ಪಟ್ಟಿಯು ಹೇಳುವುದು ಆ ಒಂದು ಗಳಿಗೆಯ ಸಂಗತಿಯನ್ನು. ಡಾಕ್ಟರರನ್ನು ಕಂಡೊಡನೆಯೇ ಕೆಲವರ ಒತ್ತಡ ಏರುತ್ತದೆ. ಮತ್ತೆ ಕೆಲವರದು ಚಿಕಿತ್ಸಾಲಯದಲ್ಲಿ ಸರಿಯಾಗಿದ್ದು ರಾತ್ರಿಯಲ್ಲೋ ನಸುಕಿನಲ್ಲೋ ಏರುತ್ತದೆ. ಇಡೀ ದಿನ ಕಟ್ಟಿಕೊಳ್ಳುವ ಪಟ್ಟಿಗಳೂ ಇವೆ. ಆದರೆ ಅವು ಹದಿನೈದು ಇಪ್ಪತ್ತು ನಿಮಿಷಗಳಿಗೊಮ್ಮೆ ಉಬ್ಬಿ ತೋಳನ್ನು ಹಿಂಡುವುದರಿಂದ, ನಿದ್ದೆಯ ಒತ್ತಡವನ್ನು ಅಳೆಯಹೋಗಿ ನಿದ್ದೆಯನ್ನೇ ಕೆಡಿಸುತ್ತವೆ. ಒಂದೊಂದು ಮಿಡಿತದ ಒತ್ತಡವೂ ನಿಖರವಾಗಿ ಬೇಕಾದರೆ ರಕ್ತನಾಳದೊಳಕ್ಕೇ ಕೊಳವೆ ತೂರಿಸಬೇಕು. ಶಸ್ತ್ರಚಿಕಿತ್ಸೆ ಮತ್ತು ತೀವ್ರ ನಿಗಾ ಘಟಕಗಳಲ್ಲಿ ಅದು ನಡೆಯುತ್ತದೆ, ಮನೆಯಲ್ಲಿ ನಡೆಯದು. ಚರ್ಮವನ್ನು ಚುಚ್ಚದೆ, ತೋಳನ್ನು ಹಿಂಡದೆ, ಪ್ರತಿಯೊಂದು ಮಿಡಿತವನ್ನೂ ಓದುವ ದಾರಿಯಾವುದು?

ಬೆಳಕು ಓದುವ ನಾಡಿ

ಉಯೇದಾದ ಜವಳಿ ವಿಭಾಗದಲ್ಲಿ ಇಷಿಜಾವಾ ಹಿರೋಆಕಿ, ಕೊಯಾಮಾ ಷೋಹೇಯಿ ಮೊದಲಾದ ಸಂಶೋಧಕರು ಹಿಡಿದ ದಾರಿ ಗಾಜಿನ ಎಳೆಯದು. ದೂರವಾಣಿಯ ಮಾತುಗಳನ್ನು ಹೊತ್ತೊಯ್ಯುವ ಆಪ್ಟಿಕಲ್ ಫೈಬರ್ ಇದೇ. ಶುದ್ಧವಾದ ಗಾಜಿನೊಳಗೆ ಬೆಳಕು ಬಹು ದೂರ ಸಾಗಬಲ್ಲದೆಂದು 1966ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಕಾವ್ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಟ್ಟನಡುವೆ, ಇನ್ನೂ ಹತ್ತು ಪಟ್ಟಿಗೂ ಹೆಚ್ಚು ತೆಳುವಾದ ತಿರುಳಿನಲ್ಲಿ, ಬೆಳಕು ಹರಿಯುತ್ತದೆ.

1978ರಲ್ಲಿ ಕೆನಡಾ ದೇಶದ ಕೆನೆತ್ ಹಿಲ್ ಮತ್ತು ಅವರ ಸಂಗಡಿಗರು ಈ ತಿರುಳಿನಲ್ಲಿ ಬೆಳಕಿನಿಂದಲೇ ಸೂಕ್ಷ್ಮವಾದ ಗೆರೆಗಳ ಸಾಲನ್ನು ಮೂಡಿಸಬಹುದೆಂದು ಕಂಡುಕೊಂಡರು. ಏಣಿಯ ಮೆಟ್ಟಿಲುಗಳಂತೆ ಸಮಾನ ಅಂತರದಲ್ಲಿರುವ ಈ ಗೆರೆಗಳಿಗೆ ಬ್ರ್ಯಾಗ್ ಗ್ರೇಟಿಂಗ್ ಎಂದು ಹೆಸರು. ಎಳೆಯೊಳಕ್ಕೆ ಹಲವು ಬಣ್ಣಗಳ ಬೆಳಕನ್ನು ಬಿಟ್ಟರೆ ಗೆರೆಗಳು ತಮ್ಮ ಅಂತರಕ್ಕೆ ಹೊಂದುವ ಒಂದೇ ಬಣ್ಣವನ್ನು ಹಿಂದಕ್ಕೆ ಮರಳಿಸಿ ಉಳಿದುದನ್ನು ಮುಂದಕ್ಕೆ ಬಿಡುತ್ತವೆ. ಎಳೆಯನ್ನು ಕಿಂಚಿತ್ ಹಿಗ್ಗಿಸಿದರೂ ಗೆರೆಗಳ ಅಂತರ ಬದಲಾಗುತ್ತದೆ; ಮರಳಿ ಬರುವ ಬಣ್ಣವೂ ಬದಲಾಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗಿದರೆ ಆಗುವ ವ್ಯತ್ಯಾಸವನ್ನೂ ಉಪಕರಣವು ಗುರುತಿಸಬಲ್ಲದು. ಸೇತುವೆಗಳಲ್ಲಿಯೂ ಸುರಂಗಗಳಲ್ಲಿಯೂ ಬಿರುಕಿನ ಸುಳಿವು ತಿಳಿಯಲು ಎಂಜಿನಿಯರರು ಇದನ್ನು ಬಳಸುತ್ತಾರೆ.

ಇಂಥ ಎಳೆಯನ್ನು ಮಣಿಕಟ್ಟಿನಲ್ಲಿ, ವೈದ್ಯನು ನಾಡಿ ನೋಡುವ ಎಡೆಯಲ್ಲಿಯೇ, ಚರ್ಮದ ಮೇಲೆ ಅಂಟಿಸುತ್ತಾರೆ. ಹೃದಯವು ಮಿಡಿದಾಗ ರಕ್ತನಾಳವು ಉಬ್ಬಿ ಚರ್ಮವನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ; ಎಳೆ ಹಿಗ್ಗುತ್ತದೆ; ಬಣ್ಣ ಸರಿಯುತ್ತದೆ. ಹೀಗೆ ಒಂದೊಂದು ಮಿಡಿತದ ಏರಿಳಿತವೂ ಅಲೆಯಾಗಿ ತೆರೆಯ ಮೇಲೆ ಮೂಡುತ್ತದೆ. ಅಲೆಯ ಆಕಾರದಲ್ಲಿ ಒತ್ತಡದ ಗುರುತು ಅಡಗಿದೆ: ಒತ್ತಡ ಏರಿದಾಗ ನಾಳದ ಗೋಡೆ ಬಿಗಿಯಾಗಿ ಅಲೆಯು ಬೇಗ ಸಾಗುತ್ತದೆ, ಅದರ ರೂಪವೂ ಬೇರೆಯಾಗುತ್ತದೆ. ಸಂಶೋಧಕರು ಮೊದಲು ಎಳೆಯ ಅಲೆಯನ್ನೂ ತೋಳಿನ ಪಟ್ಟಿಯ ಅಳತೆಯನ್ನೂ ಜೊತೆಜೊತೆಗೆ ಅನೇಕ ಸಲ ಪಡೆದು, ಎರಡಕ್ಕೂ ಗಣಿತದ ಸಂಬಂಧವನ್ನು ಕಟ್ಟುತ್ತಾರೆ. ಆ ಬಳಿಕ ಅಲೆಯೊಂದರಿಂದಲೇ ಒತ್ತಡವನ್ನು ಲೆಕ್ಕಹಾಕುತ್ತಾರೆ. ನಾಡಿಯ ವೇಗ, ಉಸಿರಾಟದ ಏರಿಳಿತಗಳೂ ಅದೇ ಎಳೆಯಲ್ಲಿ ಸಿಕ್ಕುತ್ತವೆ. ಎಳೆಯಲ್ಲಿ ಲೋಹವಾಗಲಿ ವಿದ್ಯುತ್ತಾಗಲಿ ಇಲ್ಲದ ಕಾರಣ ಎಂ.ಆರ್.ಐ. ಯಂತ್ರದ ಬಲವಾದ ಕಾಂತಕ್ಷೇತ್ರದಲ್ಲಿಯೂ ಅದಕ್ಕೆ ಬಾಧಕವಿಲ್ಲ.

ಜವಳಿಯ ವಿದ್ಯೆ ನೆರವಾಗುವುದು ಇಲ್ಲಿಯೇ. ಗಾಜಿನ ಎಳೆಗೆ ನೂಲಿನ ಹೊದಿಕೆಯನ್ನು ಸುತ್ತಿ, ಹೆಣೆದ ಬಟ್ಟೆಯೊಳಗೆ ಸೇರಿಸಿ, ತೊಡುವ ಉಡುಪಿನ ಭಾಗವನ್ನಾಗಿಸುವ ಪ್ರಯೋಗಗಳನ್ನು ಈ ವಿಭಾಗದವರು ಪ್ರಕಟಿಸಿದ್ದಾರೆ. ತೀರ ಬಾಗಿದರೆ ಮುರಿಯುವ ಎಳೆಯನ್ನು ಬಟ್ಟೆಯಲ್ಲಿ ಹೇಗೆ ಕೂಡಿಸಬೇಕು, ಎಷ್ಟು ಬಿಗಿಯಿದ್ದರೆ ನಾಡಿ ತಪ್ಪದೆ ಸಿಕ್ಕುತ್ತದೆ ಎಂಬಿವು ನೇಕಾರನಿಗೆ ಪರಿಚಿತವಾದ ಪ್ರಶ್ನೆಗಳು.

ಬೆಂಗಳೂರಿನಲ್ಲಿಯೂ ಇದೇ ಎಳೆಯನ್ನು ಹಿಡಿದವರುಂಟು. ಟಾಟಾ ಅವರ ಕನಸಿನಿಂದಲೇ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ಅಶೋಕನ್ ಅವರ ತಂಡವು ಬ್ರ್ಯಾಗ್ ಗ್ರೇಟಿಂಗ್ ಎಳೆಯಿಂದ ನಾಡಿಯನ್ನು ದಾಖಲಿಸುವ ಉಪಕರಣವನ್ನು ರಚಿಸಿತು. ತೋಳಿನ ಪಟ್ಟಿಯೊಡನೆ ಇದನ್ನು ಬಳಸಿ ಒತ್ತಡವನ್ನು ತಿಳಿಯುವ ಬಗೆಯನ್ನು 2013ರಲ್ಲಿ ಪ್ರಕಟಿಸಿತು. ಟಾಟಾ ಅವರು ಬೆಂಗಳೂರಿಗೆ ತಂದ ರೇಷ್ಮೆ ಮತ್ತು ವಿಜ್ಞಾನಗಳೆರಡೂ ಉಯೇದಾದಲ್ಲಿ ಒಂದೇ ಅಂಗಳದಲ್ಲಿರುವುದನ್ನು ಕಂಡು ಕನ್ನಡಿಗ ಪ್ರವಾಸಿಗೆ ಸಂತೋಷವಾಗದಿರದು.

ಇನ್ನೂ ಉಳಿದಿರುವ ದಾರಿ

ಹಾಗೆಂದು ಮನೆಯಲ್ಲಿರುವ ಪಟ್ಟಿಯನ್ನು ಯಾರೂ ಅಟ್ಟಕ್ಕೆ ಹಾಕಬೇಕಾಗಿಲ್ಲ. ಗಾಜಿನ ಎಳೆಯು ಬಿಸಿ ತಣ್ಣಗಳಿಗೂ ಸ್ಪಂದಿಸುತ್ತದೆ. ಒಂದು ಡಿಗ್ರಿ ಶಾಖದ ವ್ಯತ್ಯಾಸವು ನಾಡಿಯ ಮಿಡಿತದಷ್ಟೇ ಬಣ್ಣವನ್ನು ಸರಿಸಬಲ್ಲದು. ಕೈ ಅಲುಗಿದರೆ ಅಲೆ ಕದಡುತ್ತದೆ. ಒಬ್ಬರಿಗೆ ಹೊಂದಿಸಿದ ಲೆಕ್ಕ ಇನ್ನೊಬ್ಬರಿಗೆ ಹಾಗೆಯೇ ಹೊಂದುವುದಿಲ್ಲ. ಬೆಳಕಿನ ಬಣ್ಣವನ್ನು ಓದುವ ಉಪಕರಣವು ದುಬಾರಿ. ಇದಲ್ಲದೆ, ರಕ್ತದೊತ್ತಡದ ಉಪಕರಣವೊಂದನ್ನು ಅಂಗೀಕರಿಸಬೇಕಾದರೆ ಅದರ ಸರಾಸರಿ ತಪ್ಪು ಪಾದರಸದ 5 ಮಿಲಿಮೀಟರನ್ನೂ ತಪ್ಪಿನ ಹರಹು 8 ಮಿಲಿಮೀಟರನ್ನೂ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವುಂಟು. ಪ್ರಯೋಗಾಲಯದ ಕುರ್ಚಿಯಲ್ಲಿ ಸುಮ್ಮನೆ ಕುಳಿತವನಲ್ಲಿ ಇದನ್ನು ಸಾಧಿಸುವುದು ಒಂದು. ಗದ್ದೆಗೆ ಹೋಗುವ, ಮೆಟ್ಟಿಲೇರುವ, ಮಗ್ಗುಲು ಹೊರಳುವ ಮುದುಕನಲ್ಲಿ ಸಾಧಿಸುವುದು ಮತ್ತೊಂದು.

ಆದರೂ ಈ ಪ್ರಯತ್ನವು ಈ ಕಣಿವೆಯಲ್ಲಿ ನಡೆದಿರುವುದು ಉಚಿತವಾಗಿಯೇ ಇದೆ. ರೋಗವು ಬರುವ ಮೊದಲೇ ಮನೆಬಾಗಿಲಿಗೆ ಹೋಗಿ ಅದನ್ನು ತಡೆಯಬೇಕೆಂದು ಸಾಕುವಿನ ವೈದ್ಯರು ಹೇಳಿಕೊಟ್ಟರು. ಸಾರಿನ ಬಟ್ಟಲನ್ನು ಅಳೆದ ಹೆಣ್ಣುಮಕ್ಕಳು ಅದನ್ನು ಮಾಡಿ ತೋರಿಸಿದರು. ತೊಟ್ಟ ಅಂಗಿಯೇ ನಸುಕಿನ ಹೊತ್ತಿನ ಅಪಾಯವನ್ನು ತಿಳಿಸುವಂತಾದರೆ ಅದು ಅದೇ ಕೆಲಸದ ಮುಂದುವರಿಕೆಯಾದೀತು.

ಉಯೇದಾಕ್ಕೆ ಹೋದವರು ಬೆಷ್ಷೋ ಬಿಸಿನೀರಿನ ಬುಗ್ಗೆಗಳನ್ನು ಕಾಣದೆ ಮರಳುವುದಿಲ್ಲ. ಎರಡು ಡಬ್ಬಿಗಳ ಪುಟ್ಟ ರೈಲೊಂದು 11.6 ಕಿಲೋಮೀಟರ್ ದೂರವನ್ನು ಗದ್ದೆಗಳ ನಡುವೆ ಸಾಗಿ ಅಲ್ಲಿಗೆ ಮುಟ್ಟಿಸುತ್ತದೆ. 2019ರ ಅಕ್ಟೋಬರಿನ ಬಿರುಗಾಳಿಮಳೆಯಲ್ಲಿ ಚಿಕುಮಾ ನದಿಯು ಉಕ್ಕಿ ಈ ದಾರಿಯ ಕೆಂಪು ಕಬ್ಬಿಣದ ಸೇತುವೆಯ ಒಂದು ಭಾಗವನ್ನು ಕೆಡವಿತ್ತು. ಊರಿನವರು ಅದನ್ನು ಕೈಬಿಡದೆ ಎತ್ತಿ ನಿಲ್ಲಿಸಿದರು. 2021ರ ಮಾರ್ಚ್ ತಿಂಗಳಲ್ಲಿ ರೈಲು ಮತ್ತೆ ಓಡಿತು. ಬೆಷ್ಷೋದ ಅನ್ರಕುಜಿ ದೇವಾಲಯದ ಹಿಂದೆ, ದೇವದಾರುವಿನಂಥ ಎತ್ತರದ ಮರಗಳ ನೆರಳಿನಲ್ಲಿ, 13ನೆಯ ಶತಮಾನದ ಕೊನೆಯ ಎಂಟು ಮೂಲೆಗಳ ಮರದ ಗೋಪುರವಿದೆ. ಬುಗ್ಗೆಯಲ್ಲಿ ಮಿಂದವರು ಅಲ್ಲಿಗೆ ಮೆಲ್ಲನೆ ಮೆಟ್ಟಿಲೇರುತ್ತಾರೆ. ಅವರಲ್ಲಿ ಎಪ್ಪತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರೂ ಇರುತ್ತಾರೆ. ಮರಳಿ ಬಂದು ಚಹಾ ಕುಡಿಯುವಾಗ ಅವರೆದುರಿನ ತಟ್ಟೆಯಲ್ಲಿ ನೊಜಾವಾನ ಸೊಪ್ಪು ಇದ್ದೇ ಇರುತ್ತದೆ. ಉಪ್ಪು ಮಾತ್ರ ಹಿಂದಿಗಿಂತ ಕಡಿಮೆ.